ಬಾಣದ ಕಡ್ಡಿಗೆ ಬೆತ್ತವೋ, ಹೊಳೆ ಬದಿಯ ಓಟೆಯೋ?

ಓದುಗರ ಪ್ರಶ್ನೆ: ಶಿರಿಯಾ ಹೊಳೆಯ ಬದಿಯಲ್ಲಿ ನಮ್ಮ ಅಡಿಕೆ ತೋಟವಿದೆ. ಕೆಲವು ಸಮಯದಿಂದ ಸಾಂಪ್ರದಾಯಿಕ ಬಿಲ್ಲುವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದೇನೆ. ನನ್ನಲ್ಲಿರುವುದು ಬಿದಿರಿನ ಬಿಲ್ಲು. 28 ಅಂಗುಲ ಸೆಳೆದಾಗ ಅದರ ಬಲ 35 ಪೌಂಡ್. ಪ್ರಕೃತಿಯಲ್ಲಿ ಸಿಗುವ ಕಡ್ಡಿಯಿಂದಲೇ ಬಾಣ ಮಾಡಿಕೊಳ್ಳಬೇಕೆಂಬುದು ನನ್ನ ಆಸೆ. ಬೆತ್ತವಾದರೆ ಮುರಿಯುವುದಿಲ್ಲ ಎಂದು ಕೆಲವರು ಹೇಳಿದ್ದರಿಂದ ಪೇಟೆಯಿಂದ ಬೆತ್ತ ತಂದು ಪ್ರಯತ್ನಿಸಿದೆ. ನೆಟ್ಟಗೆ ಮಾಡಿ ಇಟ್ಟದ್ದು ನಾಲ್ಕು ದಿನಕ್ಕೆ ಮತ್ತೆ ಬಾಗುತ್ತದೆ, ಗುರಿಗೂ ಹೋಗುವುದಿಲ್ಲ. ಆಮೇಲೆ ಹೊಳೆ ಬದಿಯ ಓಟೆ ಎಂಬ ತೆಳು ಗೋಡೆಯ ಬಿದಿರು ಜಾತಿಯಲ್ಲಿ ನುಣುಪಾದ, ಕವಲಿಲ್ಲದ, ನೆಟ್ಟಗಿನ ಕಡ್ಡಿಗಳನ್ನೇ ಆರಿಸಿ ಸೆಪ್ಟೆಂಬರ್ ಕೊನೆಯಲ್ಲಿ ಕಡಿದು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಗೂಡಿನಲ್ಲಿ ಹರಡಿದೆ. ಅರ್ಧದಷ್ಟು ಸೀಳಿದವು, ಉಳಿದವು ಸುಕ್ಕುಗಟ್ಟಿದವು, ಕೆಲವಕ್ಕೆ ಕುಟ್ಟೆ ಹಿಡಿದಿದೆ. ಅಮಾವಾಸ್ಯೆಗೆ ಕಡಿಯದಿದ್ದುದೇ ಇದಕ್ಕೆ ಕಾರಣ ಎನ್ನುತ್ತಾರೆ ಹಿರಿಯರು. ನಮ್ಮ ಓಟೆ ಬಾಣಕ್ಕೆ ಆಗದ ಜಾತಿಯೇ? ಕಾರಡ್ಕ ಕಾಡಿನ ಕಡೆ ಒಳ್ಳೆಯ ಕಡ್ಡಿ ಇದೆಯಂತೆ, ತರಬಹುದೇ? ಟೊಳ್ಳು ಕಡ್ಡಿ ಬಿಡುವಾಗ ಸಿಡಿದು ಕೈಗೆ ಹೊಕ್ಕುವ ಅಪಾಯ ಇದೆಯೇ?

ಉತ್ತರ: ನಿಮ್ಮ ಓಟೆಯಲ್ಲಿ ದೋಷವಿಲ್ಲ. ನೀವು ಆರಿಸಿದ ಕಡ್ಡಿಯ ಪ್ರಾಯ, ಕಡಿದ ತಿಂಗಳು ಮತ್ತು ಒಣಗಿಸಿದ ಜಾಗ ಈ ಮೂರೂ ಒಟ್ಟಿಗೆ ತಪ್ಪಿದ್ದರಿಂದ ಹೀಗಾಗಿದೆ. ಬಿದಿರು, ಓಟೆಗಳ ಕೆಲಸ ಮಾಡುತ್ತ ಬಂದವನಾಗಿ, ಬಾಣ ಕಲಿಯಲು ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು: ಕಡ್ಡಿಯ ಗುಣ ಮುಕ್ಕಾಲು ಪಾಲು ಮೆಳೆಯಲ್ಲಿಯೇ ನಿರ್ಧಾರವಾಗುತ್ತದೆ. ಮೆಳೆಯಲ್ಲಿ ತಪ್ಪಾಗಿ ಆರಿಸಿದ ಕಡ್ಡಿಯನ್ನು ಆಮೇಲೆ ಎಷ್ಟು ಕಾಯಿಸಿ ತಿದ್ದಿದರೂ ಅದು ಬಾಣವಾಗಿ ಉಳಿಯುವುದಿಲ್ಲ.

ಮೊದಲು ಬೆತ್ತದ ಮಾತು. ಬೆತ್ತ ಮುರಿಯುವುದಿಲ್ಲ ಎಂಬುದು ನಿಜ. ಆದರೆ ಬಾಣಕ್ಕೆ ಬೇಕಾದ ಮುಖ್ಯ ಗುಣ ಅದಲ್ಲ. ಬೆತ್ತವು ಮುಳ್ಳುಗಳಿಂದ ಬೇರೆ ಮರಗಳನ್ನು ಹಿಡಿದು ಮೇಲೇರುವ ತಾಳೆ ಜಾತಿಯ ಬಳ್ಳಿ. ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುವ ಅಗತ್ಯ ಅದಕ್ಕಿಲ್ಲದ ಕಾರಣ ಅದರ ಕಾಂಡ ಒಳಗೆಲ್ಲ ತುಂಬಿಕೊಂಡು, ಭಾರವಾಗಿ, ಬಳುಕುವಂತೆ ಬೆಳೆಯುತ್ತದೆ. ಕುರ್ಚಿಗೆ, ಬುಟ್ಟಿಯ ಹಿಡಿಗೆ, ದೊಣ್ಣೆಗೆ ಇದೇ ಗುಣ ಬೇಕು. ಬಾಣಕ್ಕೆ ಬೇಕಾದದ್ದು ಬೇರೆ: ಹೆದೆಯ ತಳ್ಳುವಿಕೆಗೆ ಕಡ್ಡಿ ಸ್ವಲ್ಪ ಬಾಗಬೇಕು, ಆ ಬಾಗು ಕೂಡಲೇ ತಿರುಗಿ ನೆಟ್ಟಗಾಗಬೇಕು, ಭಾರ ಕಡಿಮೆಯಿರಬೇಕು. ಒಂದೇ ತೂಕದ ಎರಡು ಕಡ್ಡಿಗಳಲ್ಲಿ ಟೊಳ್ಳಾಗಿರುವುದು ತುಂಬಿರುವುದಕ್ಕಿಂತ ಹೆಚ್ಚು ಬಿಗಿಯಾಗಿ ನಿಲ್ಲುತ್ತದೆ. ಬಿದಿರು ಜಾತಿಗಳಲ್ಲಿ ಗಟ್ಟಿ ನಾರು ಹೊರ ಸಿಪ್ಪೆಯ ಹತ್ತಿರವೇ ದಟ್ಟವಾಗಿರುವುದು ಇದಕ್ಕೆ ಇನ್ನೊಂದು ಅನುಕೂಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಬಾಣಗಳನ್ನು ಪಟ್ಟಿ ಮಾಡುವಾಗ ವೇಣು ಮತ್ತು ಶರ, ಅಂದರೆ ಬಿದಿರು ಮತ್ತು ಜೊಂಡಿನಂತಹ ಹುಲ್ಲುಕಡ್ಡಿ, ಮೊದಲು ಬರುತ್ತವೆ. ಬೆತ್ತಕ್ಕೆ ಅಲ್ಲಿ ಸ್ಥಾನವಿಲ್ಲ. ನೀವು ತಂದ ಬೆತ್ತವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಿ.

ಹಾಗಾದರೆ ನಮ್ಮ ಸೀಮೆಯಲ್ಲಿ ಏನಿದೆ? ಕಾಸರಗೋಡಿನ ಹೊಳೆಗಳ ದಡದಲ್ಲಿ ಕಾಣುವ, ಮಲಯಾಳದಲ್ಲಿ ಓಡ, ಈಟ ಎಂದೆಲ್ಲ ಕರೆಯುವ ಓಟೆಗಳು ಓಕ್ಲಾಂಡ್ರಾ ಎಂಬ ಕುಲಕ್ಕೆ ಸೇರಿದವು. ಈ ಕುಲದ ಹೆಚ್ಚಿನ ಜಾತಿಗಳು ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಘಟ್ಟದ ಒಳಗಿನ ದೊಡ್ಡ ಓಟೆ, ಕೊಳಲಿಗೂ ಚಾಪೆ ಬುಟ್ಟಿಗೂ ಬಳಸುವಂಥದು, ಗಿಣ್ಣಿನಿಂದ ಗಿಣ್ಣಿಗೆ ಬಹಳ ಉದ್ದವಿದ್ದರೂ ದಪ್ಪವೂ ಹೆಚ್ಚು, ಸಿಪ್ಪೆಯೂ ತೆಳು. ಬಾಣಕ್ಕೆ ಅದು ಒಗ್ಗುವುದಿಲ್ಲ. ತಗ್ಗು ನೆಲದ ಹೊಳೆ ಬದಿಯಲ್ಲಿ ಬೆಳೆಯುವ, ಹೆಬ್ಬೆರಳ ದಪ್ಪವನ್ನು ಹೆಚ್ಚು ಮೀರದ ಸಣ್ಣ ಓಟೆಯೇ ನಮಗೆ ಬೇಕಾದದ್ದು, ಮತ್ತು ನಿಮ್ಮ ತೋಟದ ಬದಿಯಲ್ಲಿ ಇರುವುದು ಬಹುಮಟ್ಟಿಗೆ ಅದೇ. ಅಳಿವೆಯ ಕಡೆ, ಕೆಸರು ನೆಲದಲ್ಲಿ ಸಿಗುವ ಲಾಳದ, ಅಂದರೆ ಜೊಂಡಿನ, ಕಡ್ಡಿಯೂ ಬಾಣಕ್ಕೆ ಬಂದದ್ದುಂಟು. ಪ್ರಾಚೀನ ಈಜಿಪ್ಟಿನವರು ಅಂಥ ಜೊಂಡಿನ ಕಡ್ಡಿಗೆ ಮುಂಭಾಗದಲ್ಲಿ ಗಟ್ಟಿ ಮರದ ತುಂಡು ಸೇರಿಸಿ ಬಾಣ ಮಾಡುತ್ತಿದ್ದರು. ಆದರೆ ಅದು ಮೃದು, ಒತ್ತಿದರೆ ನುಗ್ಗಾಗುತ್ತದೆ. ಮಕ್ಕಳ ಹಗುರ ಬಿಲ್ಲಿಗೆ ಸಾಕಾದೀತು, ನಿಮ್ಮ 35 ಪೌಂಡಿಗೆ ನಾನು ಅದನ್ನು ಸೂಚಿಸಲಾರೆ.

ಈಗ ನಿಮ್ಮ ಕಡ್ಡಿಗಳು ಸೀಳಿದ್ದೇಕೆ ಎಂಬುದನ್ನು ನೋಡೋಣ. ಓಟೆಯಾಗಲಿ ಬಿದಿರಾಗಲಿ ವರ್ಷದಿಂದ ವರ್ಷಕ್ಕೆ ದಪ್ಪವಾಗುವ ಮರವಲ್ಲ. ಮಳೆ ಹಿಡಿದ ಮೇಲೆ ನೆಲದಿಂದ ಏಳುವ ಕಣಿಲೆ ತನ್ನ ಪೂರ್ತಿ ದಪ್ಪದಲ್ಲಿಯೇ ಮೇಲೆ ಬರುತ್ತದೆ, ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೂ ಏರುತ್ತದೆ. ಹೊರಗಿನಿಂದ ನೋಡುವವರಿಗೆ ಸೆಪ್ಟೆಂಬರಿನಲ್ಲಿ ಅದು ಬೆಳೆದು ಮುಗಿದ ಕಡ್ಡಿಯಂತೆಯೇ ಕಾಣುತ್ತದೆ: ನುಣುಪು, ನೇರ, ಕವಲಿಲ್ಲ, ಹಸುರು ಹೊಳಪು. ಆದರೆ ಒಳಗಿನ ಗೋಡೆ ಇನ್ನೂ ನೀರಿನಿಂದ ತುಂಬಿದ ಎಳೆಯ ಅಂಗಾಂಶ. ನಾರು ಗಟ್ಟಿಯಾಗುವ ಕೆಲಸ ಮುಂದಿನ ಎರಡು ಮೂರು ವರ್ಷ ನಿಧಾನವಾಗಿ ನಡೆಯುತ್ತದೆ. ನೀವು ಮೆಳೆಯಲ್ಲೇ ಚೆಂದದ ಕಡ್ಡಿಗಳನ್ನು ಆರಿಸಿದ್ದೀರಿ. ಚೆಂದ ಕಂಡವೆಲ್ಲ ಆ ವರ್ಷದ ಎಳೆಯವೇ ಆಗಿದ್ದವು. ಎಳೆಯ ಗೋಡೆಯಿಂದ ನೀರು ಹೋದಾಗ ಅದನ್ನು ಹಿಡಿದು ನಿಲ್ಲಿಸುವ ಗಟ್ಟಿ ನಾರು ಇಲ್ಲದ್ದರಿಂದ ಮೈ ಒಳಕ್ಕೆ ಕುಸಿದು ಉದ್ದುದ್ದ ಸುಕ್ಕು ಬೀಳುತ್ತದೆ. ಸುಕ್ಕು ಬಿದ್ದ ಕಡ್ಡಿ ಎಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸೀಳು ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮರವು ಒಂದು ಹದಕ್ಕೆ ಒಣಗಿದ ಮೇಲೆ ಕುಗ್ಗಲಾರಂಭಿಸಿದರೆ, ಬಿದಿರು ಕಡಿದ ದಿನದಿಂದಲೇ ಕುಗ್ಗಲು ತೊಡಗುತ್ತದೆ. ಹೊರ ಸಿಪ್ಪೆ ಮೇಣದಿಂದ ಮುಚ್ಚಿದೆ, ಗಿಣ್ಣುಗಳಲ್ಲಿ ಒಳಗಿನ ದಾರಿಯೂ ಮುಚ್ಚಿದೆ. ಹೀಗಾಗಿ ತೇವ ಹೊರಬರಲು ಮುಖ್ಯವಾಗಿ ಕಡಿದ ತುದಿಗಳೇ ದಾರಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನ ಒಳಗೆ ಹಗಲಿನ ಸೆಕೆ ಹೊರಗಿಗಿಂತ ಬಹಳ ಹೆಚ್ಚು. ಸಿಪ್ಪೆ ಸಹಿತವಾದ ಅಡಿಕೆಗೆ ಅದು ಹೇಳಿ ಮಾಡಿಸಿದ ಜಾಗ, ತೆಳು ಗೋಡೆಯ ಹಸಿ ಓಟೆಗೆ ಅಲ್ಲ. ತುದಿಗಳು ಒಂದೆರಡು ದಿನದಲ್ಲಿ ಒಣಗಿ ಕುಗ್ಗುತ್ತವೆ, ನಡುಭಾಗ ಹಸಿಯಾಗಿಯೇ ಉಳಿಯುತ್ತದೆ, ಆ ಎಳೆದಾಟವೇ ಸೀಳಾಗಿ ಹೊರಬರುತ್ತದೆ. ನಿಮ್ಮ ಸೀಳಿದ ಕಡ್ಡಿಗಳನ್ನು ಇನ್ನೊಮ್ಮೆ ನೋಡಿ. ಹೆಚ್ಚಿನವುಗಳ ಸೀಳು ಒಂದು ತುದಿಯಿಂದ ಹೊರಟು ಮೊದಲ ಗಿಣ್ಣಿನವರೆಗೆ ಹೋಗಿ ಅಲ್ಲಿ ನಿಂತಿರುತ್ತದೆ.

ಕುಟ್ಟೆ ಹಿಡಿಯುವುದು ಪಿಷ್ಟದ ಕಾರಣದಿಂದ. ಆ ಸಣ್ಣ ದುಂಬಿಗೆ ಬೇಕಾದದ್ದು ಬಿದಿರಿನ ನಾರಲ್ಲ, ಗೋಡೆಯೊಳಗೆ ಶೇಖರವಾದ ಪಿಷ್ಟ. ಅದು ಬೇಸಗೆಯ ಕೊನೆಗೆ, ಮುಂದಿನ ಕಣಿಲೆಗಳನ್ನು ಏಳಿಸುವ ಸಿದ್ಧತೆಯಲ್ಲಿ ಹೆಚ್ಚಾಗಿರುತ್ತದೆ. ಮಳೆಗಾಲದಲ್ಲಿ ಕಣಿಲೆಗಳಿಗೆ ಖರ್ಚಾಗಿ, ಮಳೆ ಹಿಂದೆ ಸರಿದ ಮೇಲೆ ಬಲಿತ ಕಡ್ಡಿಗಳಲ್ಲಿ ಕಡಿಮೆಯಾಗಿರುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ, ತುಲಾಮಾಸದ ಮಳೆಯೂ ನಿಂತ ಬಳಿಕ, ಮಕರ ಸಂಕ್ರಮಣದ ಆಸುಪಾಸಿನವರೆಗೆ ಕಡಿಯುವುದು ಉತ್ತಮ. ಆಗ ಗಾಳಿಯ ತೇವವೂ ಇಳಿದಿರುತ್ತದೆ, ಬಿಸಿಲಿನ ಕಾವೂ ಏರಿರುವುದಿಲ್ಲ, ನಿಧಾನವಾಗಿ ಒಣಗಿಸಲು ಮುಂದೆ ನಾಲ್ಕೈದು ತಿಂಗಳ ಒಣಹವೆ ಕೈಯಲ್ಲಿರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಈ ಕೊನೆಯ ಅನುಕೂಲವನ್ನು ಹಗುರವಾಗಿ ಕಾಣುವಂತಿಲ್ಲ. ಅಮಾವಾಸ್ಯೆಯ ವಿಷಯದಲ್ಲಿ ನಾನು ಹಿರಿಯರೊಡನೆ ವಾದಕ್ಕೆ ಇಳಿಯುವುದಿಲ್ಲ. ಬಲಿತ ಕಡ್ಡಿಯನ್ನು ಸರಿಯಾದ ತಿಂಗಳಲ್ಲಿ ಅಮಾವಾಸ್ಯೆ ನೋಡಿ ಕಡಿದರೆ ನಷ್ಟವೇನಿಲ್ಲ. ಎಳೆಯ ಕಡ್ಡಿಯನ್ನು ಸೆಪ್ಟೆಂಬರಿನಲ್ಲಿ ಅಮಾವಾಸ್ಯೆಗೆ ಕಡಿದರೂ ನಿಮಗೆ ಸಿಗುತ್ತಿದ್ದುದು ಇದೇ ಫಲ.

ಬಲಿತದ್ದನ್ನು ಗುರುತಿಸುವುದು ಹೇಗೆ? ಮೆಳೆಯ ಮುಂದೆ ಸ್ವಲ್ಪ ಹೊತ್ತು ನಿಂತು ಒಂದೊಂದೇ ಕಡ್ಡಿಯನ್ನು ನೋಡಬೇಕು. ಆ ವರ್ಷದ್ದರ ಗಿಣ್ಣುಗಳಿಗೆ ಕಣಿಲೆಯನ್ನು ಹೊದ್ದಿದ್ದ ಒಣಗಿದ ಹಾಳೆ ಇನ್ನೂ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿದರೆ ಕೆಳಗೆ ಬಿಳಿ ಹುಡಿ ಬೆರಳಿಗೆ ಹತ್ತುತ್ತದೆ, ಸಣ್ಣ ರೋಮಗಳು ಚರ್ಮಕ್ಕೆ ಚುಚ್ಚಿ ತುರಿಕೆಯೂ ಆಗುತ್ತದೆ. ಎರಡನೆಯ ವರ್ಷಕ್ಕೆ ಹಾಳೆ ಉದುರಿ, ಗಿಣ್ಣುಗಳಿಂದ ಕವಲು ಒಡೆದಿರುತ್ತದೆ. ಮೂರನೆಯ ವರ್ಷದಲ್ಲಿ ಹಸುರಿನ ಹೊಳಪು ಮಾಸಿ ಹಳದಿಯ ಛಾಯೆ ಬರುತ್ತದೆ, ಹೊಳೆ ಬದಿಯ ತೇವಕ್ಕೆ ಮೈಮೇಲೆ ಬೂದು ಬಣ್ಣದ ಕಲ್ಲುಹೂವಿನ ಮಚ್ಚೆಗಳು ಕೂರುತ್ತವೆ, ಕವಲಿಗೆ ಮರಿಕವಲು ಬಂದಿರುತ್ತದೆ. ಕತ್ತಿಯ ಹಿಂಬದಿಯಿಂದ ಮೆಲ್ಲನೆ ತಟ್ಟಿದರೆ ಎಳೆಯದು ಮೆದು ಸದ್ದು ಕೊಡುತ್ತದೆ, ಬಲಿತದ್ದು ಟಣ್ಣೆನ್ನುತ್ತದೆ. ಉಗುರು ಒತ್ತಿದರೆ ಎಳೆಯದರ ಮೇಲೆ ಗೀರು ಬೀಳುತ್ತದೆ, ಬಲಿತದ್ದರ ಮೇಲೆ ಉಗುರೇ ಜಾರುತ್ತದೆ. ಬಾಣಕ್ಕೆ ಎರಡು ಮಳೆಗಾಲ ಪೂರ್ತಿ ಕಂಡು ಮೂರನೆಯದನ್ನು ದಾಟಿದ ಕಡ್ಡಿ ಒಳ್ಳೆಯದು. ನೋಡಲು ಅದು ಸುಂದರವಲ್ಲ, ಕವಲುಗಳಿರುತ್ತವೆ, ಅಲ್ಪಸ್ವಲ್ಪ ಡೊಂಕೂ ಇರುತ್ತದೆ. ಡೊಂಕನ್ನು ಬೆಂಕಿಯಲ್ಲಿ ತಿದ್ದಬಹುದು, ಎಳೆತನವನ್ನು ತಿದ್ದಲು ಬರುವುದಿಲ್ಲ. ಹೂ ಬಿಟ್ಟು ಒಣಗುತ್ತಿರುವ ಮೆಳೆಯ ಕಡ್ಡಿಯನ್ನು ಮಾತ್ರ ಮುಟ್ಟಬೇಡಿ. ಸಾಮೂಹಿಕವಾಗಿ ಹೂ ಬಿಟ್ಟ ಬಳಿಕ ಆ ಮೆಳೆ ಸಾಯುತ್ತದೆ, ಕಡ್ಡಿ ಬೇಗನೆ ಗೊಡ್ಡಾಗಿ ಮುರಿಯುತ್ತದೆ.

ದಪ್ಪದ ವಿಷಯದಲ್ಲಿ ಹಸಿಯಾಗಿರುವಾಗ 10ರಿಂದ 11 ಮಿಲಿಮೀಟರ್ ಇರುವುದನ್ನು ನೋಡಿ; ಒಣಗಿ ಕೆರೆದ ಮೇಲೆ 9ರ ಸುಮಾರಿಗೆ ಬರುತ್ತದೆ. ಇಷ್ಟು ತೆಳ್ಳಗಿನವು ಮೆಳೆಯ ನಡುವಿನಲ್ಲಿ ಸಿಗುವುದು ಕಡಿಮೆ. ಗೊಬ್ಬರ ನೀರು ಕಡಿಮೆಯಿರುವ ಕಲ್ಲು ದಡದ ಮೇಲಿನ ಬಡಕಲು ಮೆಳೆಗಳ ಅಂಚಿನಲ್ಲಿ ಹುಡುಕಿ. ದಪ್ಪ ಕಡ್ಡಿಯ ತುದಿಭಾಗ ಅಳತೆಗೆ ಸರಿಹೋಗುತ್ತದೆಂದು ಕೆಲವರು ಅದನ್ನೇ ಕಡಿದು ತರುತ್ತಾರೆ; ಅಲ್ಲಿ ಗೋಡೆ ತೆಳು, ಪ್ರತಿ ಗಿಣ್ಣಿನಲ್ಲೂ ಕವಲಿನ ಗುಚ್ಛ, ಬಾಣದ ನಡುವೆ ಅವು ದುರ್ಬಲ ಜಾಗಗಳಾಗುತ್ತವೆ. ನಿಮ್ಮ ಬಾಣ 30 ಅಂಗುಲ ಬೇಕೆಂದಿದ್ದರೆ 36 ಅಂಗುಲಕ್ಕೆ ಕಡಿಯಿರಿ. ತುದಿಯ ಸೀಳು ಆ ಹೆಚ್ಚುವರಿಯಲ್ಲಿ ಹೋಗಲಿ. ಎರಡು ತುದಿಯೂ ಗಿಣ್ಣಿನ ಸ್ವಲ್ಪ ಹೊರಗೆ ಬರುವಂತೆ ಗರಗಸದಿಂದ ಕೊಯ್ಯಬೇಕು. ಕತ್ತಿಯ ಏಟಿಗೆ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಅಲ್ಲಿಯೇ ಹುಟ್ಟಿಕೊಳ್ಳುತ್ತದೆ.

ಕಡಿದ ಕಡ್ಡಿಯನ್ನು ಕೂಡಲೇ ಮನೆಗೆ ತರಬೇಕಾಗಿಲ್ಲ. ಬುಡವನ್ನು ಒಂದು ಕಲ್ಲಿನ ಮೇಲಿಟ್ಟು, ಎಲೆ ಸಹಿತವಾಗಿ ಅದೇ ಮೆಳೆಗೆ ಒರಗಿಸಿ ಎಂಟು ಹತ್ತು ದಿನ ಬಿಟ್ಟರೆ ಎಲೆಗಳು ಇನ್ನೂ ಬದುಕಿದ್ದು ಒಳಗಿನ ನೀರನ್ನೂ ಪಿಷ್ಟವನ್ನೂ ಸ್ವಲ್ಪ ಸ್ವಲ್ಪವಾಗಿ ಖಾಲಿ ಮಾಡುತ್ತವೆ. ಇದಕ್ಕೆ ಖರ್ಚಿಲ್ಲ, ವಿಷವಿಲ್ಲ. ಕುಟ್ಟೆಯ ಕಾಟ ಹೆಚ್ಚಿರುವ ಮನೆಯಾದರೆ, ಬಳಿಕ ಕವಲು ಸವರಿ ಎರಡು ಮೂರು ವಾರ ಹರಿಯುವ ತೋಡಿನಲ್ಲಿ ಕಲ್ಲು ಹೇರಿ ಮುಳುಗಿಸಿಡುವುದು ಹಳೆಯ ಕ್ರಮ. ನಿಂತ ನೀರಾದರೆ ವಾಸನೆ ಬರುತ್ತದೆ, ಮೈ ಕಪ್ಪಾಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುವ ಪದ್ಧತಿಯೂ ಬಳಕೆಯಲ್ಲಿದೆ, ಅದು ಪರಿಣಾಮಕಾರಿ. ಆದರೆ ಉಳಿದ ದ್ರಾವಣವನ್ನು ತೋಟಕ್ಕೋ ಹೊಳೆಗೋ ಚೆಲ್ಲುವಂತಿಲ್ಲ; ಬೋರಾನ್ ಹೆಚ್ಚಾದರೆ ಗಿಡಗಳಿಗೆ ವಿಷ. ಹತ್ತಿಪ್ಪತ್ತು ಬಾಣಗಳಿಗಾಗಿ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಒಣಗಿಸುವಾಗ ಎರಡೂ ತುದಿಗಳಿಗೆ ಫೆವಿಕಾಲ್ ಅಥವಾ ಮೇಣ ಹಚ್ಚಿ ಮುಚ್ಚಿ. ಹತ್ತು ಹನ್ನೆರಡು ಕಡ್ಡಿಗಳನ್ನು ಒಟ್ಟಿಗೆ ಸೇರಿಸಿ, ನಡುವೆ ಅಡಿಕೆ ಮರದ ಒಂದು ನೇರ ಸಲಾಕೆಯನ್ನಿಟ್ಟು, ಗೇಣಿಗೊಂದರಂತೆ ಬಿಗಿಯಾಗಿ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ ಅಥವಾ ತೂಗುಹಾಕಿ. ಕಡ್ಡಿ ಕುಗ್ಗಿದಂತೆ ಕಟ್ಟು ಸಡಿಲಾಗುತ್ತದೆ, ವಾರಕ್ಕೊಮ್ಮೆ ಮತ್ತೆ ಬಿಗಿಯಬೇಕು. ಅಡುಗೆಮನೆಯಲ್ಲಿ ಈಗಲೂ ಸೌದೆ ಒಲೆ ಉರಿಯುವುದಾದರೆ ಅದರ ಅಟ್ಟ ಬಹಳ ಒಳ್ಳೆಯ ಜಾಗ: ತೆಳು ಹೊಗೆ ಕುಟ್ಟೆಯನ್ನು ದೂರವಿಡುತ್ತದೆ, ಕಾವು ಹದವಾಗಿರುತ್ತದೆ. ಒಣಗಿತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಒಂದು ಕಡ್ಡಿಗೆ ಗುರುತು ಹಾಕಿ ಅಡುಗೆಯ ತಕ್ಕಡಿಯಲ್ಲಿ ವಾರವಾರ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಕಡ್ಡಿ ಒಣಗಿದೆ ಎಂದರ್ಥ. ಎರಡು ತಿಂಗಳಿಗೆ ಮೊದಲು ಇದು ಆಗುವುದು ಅಪರೂಪ.

ನೆಟ್ಟಗೆ ಮಾಡುವ ಕೆಲಸಕ್ಕೆ ಉರಿಯುವ ಬೆಂಕಿ ಬೇಡ, ತೆಂಗಿನ ಚಿಪ್ಪಿನ ಕೆಂಡ ಸಾಕು. ಡೊಂಕಿರುವ ಜಾಗವನ್ನು ಕೆಂಡದಿಂದ ನಾಲ್ಕು ಬೆರಳು ಮೇಲೆ ಹಿಡಿದು ತಿರುಗಿಸುತ್ತಲೇ ಇರಬೇಕು. ಒಂದು ಹಂತದಲ್ಲಿ ಸಿಪ್ಪೆಯ ಮೇಲೆ ಎಣ್ಣೆ ಹಚ್ಚಿದಂತೆ ಹೊಳಪು ಏಳುತ್ತದೆ. ಆಗ ಕಡ್ಡಿ ಕೈಗೆ ಮೆದುವಾಗಿ ಸಿಗುತ್ತದೆ. ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿ ಎದುರು ದಿಕ್ಕಿಗೆ ಬಾಗಿಸಿ, ತಣಿಯುವವರೆಗೆ ಹಾಗೆಯೇ ಹಿಡಿದುಕೊಳ್ಳಿ. ಮೊದಲು ಗಿಣ್ಣುಗಳ ನಡುವಿನ ಬಾಗು, ಆಮೇಲೆ ಗಿಣ್ಣಿನ ಡೊಂಕು. ಗಿಣ್ಣಿಗೆ ಕಾವು ಹೆಚ್ಚು ಬೇಕು, ಬಲ ಕಡಿಮೆ ಸಾಕು. ಕಂದು ಬಣ್ಣಕ್ಕೆ ತಿರುಗಿದರೆ ನಾರು ಬೆಂದಿದೆ, ಆ ಕಡ್ಡಿಯನ್ನು ಬಿಟ್ಟುಬಿಡಿ. ಇಲ್ಲೊಂದು ಎಚ್ಚರಿಕೆ: ಅರೆಹಸಿ ಕಡ್ಡಿಯನ್ನು ಕಾಯಿಸಿದರೆ ಎರಡು ಗಿಣ್ಣುಗಳ ನಡುವೆ ಸಿಕ್ಕಿಬಿದ್ದ ಆವಿ ಪಟಾಕಿಯಂತೆ ಸಿಡಿಯುತ್ತದೆ. ಪೂರ್ತಿ ಒಣಗುವ ಮೊದಲು ಕೆಂಡದ ಹತ್ತಿರ ಒಯ್ಯಲೇಬೇಡಿ, ಒಣಗಿದ್ದಕ್ಕೂ ಕನ್ನಡಕ ಹಾಕಿಕೊಂಡೇ ಕುಳಿತುಕೊಳ್ಳಿ. ಮಳೆಗಾಲದಲ್ಲಿ ಕೆಲವು ಕಡ್ಡಿಗಳು ಮತ್ತೆ ಸ್ವಲ್ಪ ಬಾಗುತ್ತವೆ. ಅದು ಸಹಜ, ಇನ್ನೊಮ್ಮೆ ಕಾಯಿಸಿ ತಿದ್ದಬಹುದು. ಕೆಲಸ ಮುಗಿದ ಮೇಲೆ ಎರಡು ಮೂರು ಕೋಟ್ ವಾರ್ನಿಶ್ ಹಚ್ಚಿದರೆ ಈ ಕಿರಿಕಿರಿ ಬಹಳ ಕಡಿಮೆಯಾಗುತ್ತದೆ.

ಬೆತ್ತದ ಬಾಣ ಗುರಿಗೆ ಹೋಗಲಿಲ್ಲ ಎಂದಿರಿ. ಒಳ್ಳೆಯ ಓಟೆಯ ಬಾಣವೂ ನಿಮ್ಮ ಬಿಲ್ಲಿಗೆ ಹೊಂದದಿದ್ದರೆ ಹೀಗೆಯೇ ಆಗುತ್ತದೆ. ಹೆದೆ ಬಿಟ್ಟ ಕ್ಷಣದಲ್ಲಿ ಬಾಣ ಬಿಲ್ಲಿನ ಹಿಡಿಯನ್ನು ಸುತ್ತಿ ಹೋಗುವಂತೆ ಬಳುಕಬೇಕು. ಬಳುಕು ಸಾಲದಿದ್ದರೆ, ಬಲಗೈಯಲ್ಲಿ ಸೆಳೆದು ಬಿಲ್ಲಿನ ಎಡಬದಿಯಲ್ಲಿ ಬಾಣವಿಡುವವರಿಗೆ ಅದು ಎಡಕ್ಕೆ ಹೋಗುತ್ತದೆ. ಬಳುಕು ಹೆಚ್ಚಾದರೆ ಬಲಕ್ಕೆ. ಇದನ್ನು ಮನೆಯಲ್ಲೇ ಅಳೆಯಬಹುದು. ಒಂದು ಹಲಗೆಗೆ 26 ಅಂಗುಲ, ಅಂದರೆ 66 ಸೆಂಟಿಮೀಟರ್ ಅಂತರದಲ್ಲಿ ಒಂದೇ ಮಟ್ಟದಲ್ಲಿ ಎರಡು ಮೊಳೆ ಹೊಡೆದು ಅವುಗಳ ಮೇಲೆ ಕಡ್ಡಿಯನ್ನಿಡಿ. ನಡುವಿಗೆ 2 ಪೌಂಡ್, ಅಂದರೆ ಸುಮಾರು 900 ಗ್ರಾಂ ತೂಗುಹಾಕಿ, ಎಷ್ಟು ಕೆಳಗಿಳಿಯಿತೆಂದು ಅಳೆಯಿರಿ. 26ನ್ನು ಆ ಇಳಿತದ ಅಂಗುಲಗಳಿಂದ ಭಾಗಿಸಿದರೆ ಕಡ್ಡಿ ಎಷ್ಟು ಪೌಂಡಿನ ಬಿಲ್ಲಿಗೆ ಹೊಂದುತ್ತದೆಂಬ ಅಂದಾಜು ಸಿಗುತ್ತದೆ. 35 ಪೌಂಡಿಗೆ ಈ ಇಳಿತ ಸುಮಾರು 19 ಮಿಲಿಮೀಟರ್, 30ಕ್ಕೆ 22. ನಿಮ್ಮ ಬಿದಿರಿನ ಬಿಲ್ಲಿನ ಹಿಡಿಯಲ್ಲಿ ಬಾಣಕ್ಕಾಗಿ ಕೊರೆದ ತೆರಪು ಇಲ್ಲದಿದ್ದರೆ ಬಾಣ ಹೆಚ್ಚು ಸುತ್ತಿ ಹೋಗಬೇಕಾಗುತ್ತದೆ. ಆದ್ದರಿಂದ 19ರಿಂದ 22ರ ನಡುವೆ ಬರುವವನ್ನು ಆರಿಸಿ. ಸಹಜ ಕಡ್ಡಿ ಎಲ್ಲ ಬದಿಗೂ ಒಂದೇ ರೀತಿ ಬಾಗುವುದಿಲ್ಲ. ತಿರುಗಿಸಿ ಎರಡು ಮೂರು ಬದಿ ಅಳೆದು, ಅತ್ಯಂತ ಬಿಗಿಯಾದ ಬದಿ ಬಿಲ್ಲಿಗೆ ತಾಗುವಂತೆ ಹೆದೆ ಕೂರುವ ಕಚ್ಚನ್ನು ಕೊಯ್ಯಬೇಕು. ಒಂದೇ ಇಳಿತ, ಒಂದೇ ತೂಕದ ಆರು ಕಡ್ಡಿ ಬೇಕಾದರೆ ಮೂವತ್ತನ್ನಾದರೂ ಒಣಗಿಸಿಟ್ಟಿರಬೇಕು. ಸಹಜ ಕಡ್ಡಿಯಲ್ಲಿ ಇದನ್ನು ತಪ್ಪಿಸಲಾಗದು, ಬೇಸರ ಪಡಬೇಡಿ. ಮುಗಿದ ಬಾಣದ ತೂಕ ನಿಮ್ಮ ಬಿಲ್ಲಿಗೆ 18ರಿಂದ 23 ಗ್ರಾಂ ಇದ್ದರೆ ಸರಿ. ಅದಕ್ಕಿಂತ ಬಹಳ ಹಗುರವಾದರೆ ಬಿಲ್ಲಿಗೇ ಪೆಟ್ಟು.

ಕಡ್ಡಿಯ ಬುಡದ ಕಡೆ ಮುಂದಕ್ಕೆ, ತೆಳುವಾದ ತುದಿ ಹೆದೆಯ ಕಡೆಗೆ ಬರಲಿ. ಮುಂಭಾಗದ ಟೊಳ್ಳಿಗೆ ಬೈನೆ ಅಥವಾ ಅಡಿಕೆ ಮರದ ಬಲಿತ ಹೊರಭಾಗದಿಂದ ಕೆತ್ತಿದ ಗೂಟವನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಅದಕ್ಕೆ ಮೊನೆಯನ್ನು ಸೇರಿಸಿ. ಗರಿಗೆ ಟರ್ಕಿ ಕೋಳಿಯ ಅಥವಾ ಊರಕೋಳಿಯ ರೆಕ್ಕೆಯ ಗರಿ ಸಾಕು, ಕಾಡುಹಕ್ಕಿಗಳ ಗರಿಗೆ ಕೈ ಹಾಕಬೇಡಿ.

ಸಿಡಿಯುವ ಭಯ ನಿರಾಧಾರವಲ್ಲ. ಬಿದಿರು ಮುರಿದಾಗ ತುಂಡಾಗಿ ಬೀಳುವುದಿಲ್ಲ, ಉದ್ದುದ್ದ ಚೂಪು ಸೀಳುಗಳಾಗಿ ತೆರೆದುಕೊಳ್ಳುತ್ತದೆ, ಹೆದೆ ಅದನ್ನು ಬಿಲ್ಲು ಹಿಡಿದ ಕೈಯ ಕಡೆಗೇ ತಳ್ಳುತ್ತದೆ. ಅಪಾಯ ಹುಟ್ಟುವುದು ಹೆಚ್ಚಾಗಿ ಎರಡು ಕಡೆ. ಒಂದು, ಕಚ್ಚಿನ ಬುಡ: ಕಚ್ಚನ್ನು ಗಿಣ್ಣಿನಿಂದ ಒಂದು ಒಂದೂವರೆ ಸೆಂಟಿಮೀಟರ್ ಹೊರಗೆ ಕೊಯ್ದು, ಒಳಗೆ ಗಟ್ಟಿ ಮರದ ಗೂಟ ತುಂಬಿಸಿ, ಕಚ್ಚಿನ ಕೆಳಗೆ ನೂಲಿನಿಂದ ಬಿಗಿಯಾಗಿ ಸುತ್ತಿ ಅಂಟು ಹಚ್ಚಿದರೆ ಹೆದೆಯ ಏಟಿಗೆ ಸೀಳು ಕೆಳಗಿಳಿಯುವುದಿಲ್ಲ. ಎರಡನೆಯದು, ಹಿಂದಿನ ಬಾರಿ ಮರಕ್ಕೋ ಕಲ್ಲಿಗೋ ಬಡಿದು ಒಳಗೊಳಗೇ ಬಿರಿದ ಬಾಣ. ಪ್ರತಿ ಸಲ ಹೆದೆಗೇರಿಸುವ ಮೊದಲು ಬಾಣವನ್ನು ಕಿವಿಯ ಹತ್ತಿರ ಹಿಡಿದು ಎರಡು ಕೈಯಿಂದ ಮೆಲ್ಲನೆ ಬಾಗಿಸಿ, ತಿರುಚಿ. ಚಿಟಿಚಿಟಿ ಸದ್ದು ಕೇಳಿದರೆ ಆ ಬಾಣವನ್ನು ಅಲ್ಲಿಯೇ ಮುರಿದು ಹಾಕಿ. ಅಂಟು ಹಾಕಿ ಉಳಿಸಿಕೊಳ್ಳುವ ಮೋಹ ಬೇಡ. ಬಿಲ್ಲು ಹಿಡಿಯುವ ಕೈಗೆ ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳುವುದನ್ನು ನಾನು ಕಡ್ಡಾಯವೆಂದೇ ಹೇಳುತ್ತೇನೆ.

ಕಾರಡ್ಕದ ಪ್ರಶ್ನೆಗೆ ಉತ್ತರ ಚಿಕ್ಕದು: ತರಬೇಡಿ. ರಕ್ಷಿತಾರಣ್ಯದಿಂದ ಅನುಮತಿಯಿಲ್ಲದೆ ಬಿದಿರು, ಓಟೆ, ಬೆತ್ತ ಯಾವುದನ್ನು ಕಡಿದರೂ ಅಪರಾಧ. ಬಿದಿರಿಗೆ ಈಗ ನಿರ್ಬಂಧವೇ ಇಲ್ಲ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ; ಅದಕ್ಕೆ ಮೂಲ 2017ರ ಕೊನೆಯಲ್ಲಿ ಕೇಂದ್ರವು 1927ರ ಭಾರತೀಯ ಅರಣ್ಯ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರನ್ನು ತೆಗೆದದ್ದು. ಅದರ ಪ್ರಯೋಜನ ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಮಾತ್ರ, ಮತ್ತು ಕೇರಳದಲ್ಲಿ 1961ರ ಪ್ರತ್ಯೇಕ ಅರಣ್ಯ ಕಾಯ್ದೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಿದಿರು ಮತ್ತು ಬೆತ್ತ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿರುವುದು ನಿಜ. ಆದರೆ ಆ ಹಕ್ಕು ಕಾಡನ್ನೇ ನಂಬಿ ಬದುಕುವ ಸಮುದಾಯಗಳದು, ನನ್ನ ನಿಮ್ಮಂಥ ತೋಟದವರದಲ್ಲ. ಹೊಳೆಯ ದಡ ಹಲವೆಡೆ ಪುರಂಬೋಕು, ಅಂದರೆ ಸರಕಾರಿ, ಭೂಮಿಯಾಗಿರುತ್ತದೆ. ನಿಮ್ಮ ಓಟೆ ಇರುವುದು ನಿಮ್ಮ ಗಡಿಯೊಳಗೋ ಹೊರಗೋ ಎಂದು ಗ್ರಾಮ ಕಚೇರಿಯಲ್ಲಿ ನೋಡಿಕೊಳ್ಳಿ. ನಿಮ್ಮದೇ ಆದರೂ ಒಂದು ಮೆಳೆಯಿಂದ ಬಲಿತ ಕಡ್ಡಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಯಬೇಡಿ, ಏಕೆಂದರೆ ಮಳೆಗಾಲದಲ್ಲಿ ನಿಮ್ಮ ತೋಟದ ಮಣ್ಣನ್ನು ಹಿಡಿದಿರುವುದು ಅದರ ಬೇರು. ಹಂದಿಯ ಕಾಟಕ್ಕೆ ಬಾಣ ಉಪಯೋಗವಾದೀತು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಲ್ಲುಬಾಣದ ಬೇಟೆಗೂ ಅನ್ವಯಿಸುತ್ತದೆ.

ಹೊಳೆ ಬದಿಯಲ್ಲಿ ತಕ್ಕ ಕಡ್ಡಿ ಸಿಗದಿದ್ದರೆ ಎರಡು ದಾರಿಗಳಿವೆ. ಬೇಲಿಗೆ ನೆಡುವ ಮುಳ್ಳಿಲ್ಲದ, ಹೆಚ್ಚುಕಡಿಮೆ ಒಳಗೆ ತುಂಬಿಕೊಂಡ ಬಿದಿರು ನಮ್ಮಿಂದ ಕೊಂಕಣದವರೆಗೂ ತೋಟದಂಚಿನಲ್ಲಿದೆ. ಅದರ ಮೂರು ನಾಲ್ಕು ವರ್ಷದ ಗಳುವನ್ನು ಸೀಳಿ, ಹೊರ ಸಿಪ್ಪೆ ಒಂದು ಬದಿಗೆ ಉಳಿಯುವಂತೆ ಕೆತ್ತಿ, ಕಬ್ಬಿಣದ ತಗಡಿನಲ್ಲಿ ಕೊರೆದ ತೂತುಗಳ ಮೂಲಕ ಒಂದೊಂದಾಗಿ ಎಳೆದು ಉರುಟು ಮಾಡಬಹುದು. ಇದು ಭಾರ ಸ್ವಲ್ಪ ಹೆಚ್ಚು, ಕೈಕೆಲಸವೂ ಹೆಚ್ಚು, ಆದರೆ ಒಂದೇ ಗಳುವಿನಿಂದ ಬಂದ ಕಡ್ಡಿಗಳು ಒಂದಕ್ಕೊಂದು ಬಹಳ ಹೋಲುತ್ತವೆ, ಟೊಳ್ಳಿಲ್ಲದ್ದರಿಂದ ನುಗ್ಗಾಗುವ ಭಯವಿಲ್ಲ. ಈ ವರ್ಷವೇ ಬಾಣ ಬೇಕೆಂದಿದ್ದರೆ ನಾನು ಇದನ್ನೇ ಹೇಳುವೆ.

ಇನ್ನೊಂದು, ನೀವೇ ನೆಡುವುದು. ಬಾಣಕ್ಕೆ ಹೊಂದುವ ತೆಳು ಕಡ್ಡಿಗಳನ್ನೇ ಕೊಡುವ ಒಂದು ಮೆಳೆಯನ್ನು ಗುರುತಿಸಿಟ್ಟುಕೊಂಡು, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಕೂಡಲೇ ಅದರ ಅಂಚಿನಿಂದ ಹಿಂದಿನ ವರ್ಷದ ಒಂದು ಕಡ್ಡಿಯನ್ನು ಗಡ್ಡೆ, ಬೇರು ಸಹಿತ ಅಗೆದು ತೆಗೆಯಿರಿ. ಮೂರು ನಾಲ್ಕು ಗಿಣ್ಣು ಉಳಿಸಿ ಮೇಲ್ಭಾಗವನ್ನು ಕತ್ತರಿಸಿ, ತೋಡಿನ ಬದಿಯ ಎತ್ತರದ ನೆಲದಲ್ಲಿ ನೆಡಿ. ನೀರು ನಿಲ್ಲುವ ಜಾಗದಲ್ಲಿ ಗಡ್ಡೆ ಕೊಳೆಯುತ್ತದೆ. ಜಾತಿಯ ಬಗ್ಗೆ ಸಂದೇಹವಿದ್ದರೆ ತೃಶ್ಶೂರು ಜಿಲ್ಲೆಯ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಗೆ ಒಂದು ಕವಲು, ಒಂದು ಹಾಳೆಯ ಚಿತ್ರ ಕಳುಹಿಸಿ ಕೇಳಿ. ಬಿದಿರು, ಓಟೆಗಳ ಮೇಲೆ ಅವರದ್ದು ಬಹುಕಾಲದ ಕೆಲಸ. ಹೊಸ ಮೆಳೆಗೆ ಮೊದಲ ಮೂರು ವರ್ಷ ಕತ್ತಿ ತಾಗಿಸಬೇಡಿ, ಗೊಬ್ಬರವನ್ನೂ ಅತಿಯಾಗಿ ಹಾಕಬೇಡಿ, ಹಾಕಿದರೆ ಕಡ್ಡಿ ದಪ್ಪವಾಗುತ್ತದೆ. ಪ್ರತಿ ವರ್ಷದ ಕಣಿಲೆಗಳಿಗೆ ಬೇರೆ ಬೇರೆ ಬಣ್ಣದ ಪೈಂಟಿನಿಂದ ಬುಡದಲ್ಲಿ ಒಂದು ಗೆರೆ ಎಳೆದಿಟ್ಟರೆ ಪ್ರಾಯವನ್ನು ಮುಂದೆಂದೂ ಊಹಿಸಬೇಕಾಗುವುದಿಲ್ಲ.